ಒಂದು ಧನ್ಯವಾದಕ್ಕೆ ಸಮಜಾಯಿಷಿ

ಬಸ್ ಡಿಪೋದಲ್ಲಿ ಏಳು ಕಿಟಕಿಗಳಿದ್ದವು. ಆರರಲ್ಲಿ ಪಾಸು, ಟಿಕೆಟ್ಟು, ವಿಚಾರಣೆ. ಏಳನೆಯದರಲ್ಲಿ ದೂರು ಬರೆದುಕೊಳ್ಳುತ್ತಿದ್ದರು. ಬರೆದುಕೊಳ್ಳುತ್ತಿದ್ದವನು ಒಬ್ಬನೇ, ಇಪ್ಪತ್ತೈದು ವರ್ಷ, ಒಂದೇ ಕುರ್ಚಿಯಲ್ಲಿ. ಹೆಸರು ಹಿಡಿದು ಕರೆದವರಿಲ್ಲ. ಮೇಸ್ತ್ರಿಯಿಂದ ಹಿಡಿದು ಟೈರಿಗೆ ಗಾಳಿ ತುಂಬುವವನವರೆಗೆ ಎಲ್ಲರಿಗೂ ಅವನು ದೂರಣ್ಣ.

ಬಸ್ಸು ತಡವಾಗಿ ಬಂತು ಎನ್ನುವವರ ಹಿಂದೆಯೇ ಬೇಗ ಬಂದು ಹೋಗಿಬಿಟ್ಟಿತು ಎನ್ನುವವರು ನಿಂತಿರುತ್ತಿದ್ದರು. ಕಂಡಕ್ಟರ್ ಮುಖ ಗಂಟಿಕ್ಕಿಕೊಂಡಿದ್ದ ಎಂದು ಒಬ್ಬರು ಬರೆಸಿದರೆ, ಕಾರಣವಿಲ್ಲದೆ ನಕ್ಕ ಎಂದು ಇನ್ನೊಬ್ಬರು. ಅವನು ತಲೆ ಎತ್ತದೆ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡು ಕ್ರಮಾಂಕ ಹಾಕುತ್ತಿದ್ದ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಸೋಮವಾರ ನಕಲು ಪ್ರತಿ ಮ್ಯಾನೇಜರ ಕಚೇರಿಗೆ ಹೋಗುತ್ತಿತ್ತು. ಅಲ್ಲಿಂದ ಅಚ್ಚು ಹಾಕಿದ ನೋಟಿಸು ಸಿಬ್ಬಂದಿಗೆ: ನಿಮ್ಮ ವಿರುದ್ಧದ ಇಷ್ಟನೇ ದೂರಿಗೆ ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ವಿಚಾರಣೆ ಮುಗಿದ ಮೇಲೆ ಕೊನೆಯ ಖಾನೆಯಲ್ಲಿ ‘ಸಾಬೀತಾಗಿದೆ’ ಇಲ್ಲವೇ ‘ಸಾಬೀತಾಗಿಲ್ಲ’. ವರ್ಷದಲ್ಲಿ ಮೂರು ಸಾಬೀತಾದರೆ ಬೇರೆ ಡಿಪೋಗೆ ವರ್ಗ.

ಇಷ್ಟು ವರ್ಷ ಊರವರ ಸಿಟ್ಟನ್ನೆಲ್ಲ ಕಿವಿಗೆ ಹಾಕಿಕೊಂಡವನ ಬಾಯಿಂದ ಒಳ್ಳೆಯ ಮಾತು ಬರುವುದಾದರೂ ಹೇಗೆ? ಮನೆಯಲ್ಲೂ ಅದೇ ಗೊಣಗಾಟ. ಚಹಾ ಬಿಸಿ ಇಲ್ಲ, ಫ್ಯಾನು ಸದ್ದು ಮಾಡುತ್ತದೆ, ಟವೆಲು ಒದ್ದೆ. “ಕ್ರಮಾಂಕ ಹಾಕ್ಕೊಳ್ಳಿ, ಆಮೇಲೆ ವಿಚಾರಣೆ ಮಾಡೋಣ,” ಎಂದು ಹೆಂಡತಿ ಅವನ ಮಾತನ್ನು ಅವನಿಗೇ ತಿರುಗಿಸುತ್ತಿದ್ದಳು.

ಆ ಕುರ್ಚಿಯಲ್ಲಿ ಅವನ ಹತ್ತೊಂಬತ್ತನೇ ವರ್ಷದಲ್ಲಿ ಮುಖ್ಯ ಕಚೇರಿಗೆ ಸಿಬ್ಬಂದಿಯ ಮನಸ್ಸಿನ ಚಿಂತೆ ಹತ್ತಿತು. ಕೃತಜ್ಞತೆ ಮತ್ತು ದಯೆಯನ್ನು ದಿನನಿತ್ಯದ ಅಭ್ಯಾಸ ಮಾಡಿಕೊಳ್ಳುವ ಬಗ್ಗೆ ಒಂದು ದಿನದ ತರಬೇತಿ ಎಂದು ಸುತ್ತೋಲೆ ಬಂತು. ಗೈರುಹಾಜರಾದವರ ಮೇಲೆ ಶಿಸ್ತು ಕ್ರಮ ಎಂದು ಕೆಳಗೆ ಗೆರೆ ಎಳೆದು ಬರೆದಿತ್ತು. ದಯೆಗೆ ಹೆದರಿ ಎಲ್ಲರೂ ಬಂದು ಕೂತರು. ತರಬೇತಿಗೆ ಬಂದಾತ ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ದಿನಕ್ಕೆ ಒಬ್ಬರಿಗಾದರೂ ಧನ್ಯವಾದ ಹೇಳಿ, ಬರೆದಿಡಿ, ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಅದು ಮೈಗೂಡುತ್ತದೆ ಎಂದ. ಮನಸ್ಸಿನಲ್ಲೇ ಇಟ್ಟುಕೊಂಡರೆ ಸಾಲದು, ಅದು ಅವರಿಗೆ ಮುಟ್ಟಬೇಕು ಎಂದೂ ಸೇರಿಸಿದ. ಡ್ರೈವರುಗಳು ಆಕಳಿಸಿದರು. ಹಾಳೆ ಪೆನ್ನು ಹಿಡಿದು ಟಿಪ್ಪಣಿ ಮಾಡಿಕೊಂಡವನು ಒಬ್ಬನೇ. ಹೇಳಿದ್ದನ್ನು ಬರೆದುಕೊಳ್ಳುವುದು, ಬರೆದುಕೊಂಡದ್ದನ್ನು ನಂಬುವುದು ದೂರಣ್ಣನ ಹಣೆಬರಹ.

ಮೊದಲ ದಿನ ಸಂಜೆ ಮನೆಯಲ್ಲಿ ಚಹಾ ಕುಡಿದು, ಗಂಟಲು ಸರಿ ಮಾಡಿಕೊಂಡು, “ಚಹಾಕ್ಕೆ ಧನ್ಯವಾದ,” ಎಂದ.

ಹೆಂಡತಿ ಕೈಲಿದ್ದ ಪಾತ್ರೆ ಕೆಳಗಿಟ್ಟಳು. “ಏನಾಯ್ತು ರೀ? ಡಾಕ್ಟರ ಹತ್ರ ಏನಾದ್ರೂ ಹೋಗಿದ್ರಾ?”

“ಏನಿಲ್ಲ ಮಾರಾಯ್ತಿ. ಅಭ್ಯಾಸ ಮಾಡ್ತಿದೀನಿ.”

“ಮುಚ್ಚಿಡಬೇಡಿ. ಕೆಲಸ ಹೋಯ್ತಾ?”

ಎರಡನೇ ದಿನ ಕ್ಷೌರಿಕನಿಗೆ ಹೇಳಿದ. ಕತ್ತು ಕೊಯ್ದುಹೋಯಿತೋ ಏನೋ ಎಂದು ಆತ ಕನ್ನಡಿ ತಂದು ನೋಡಿದ. ಐದನೇ ದಿನ ಎದುರುಮನೆಯಾಕೆಗೆ ಬಾಗಿಲು ಹಿಡಿದು ನಿಂತರೆ, “ಏನು ಬೇಕಿತ್ತು?” ಎಂದು ನೇರ ಕೇಳಿದಳು. ಎಂಟನೇ ದಿನ ಅವನ ಜೀವದ ಗೆಳೆಯ ಬೈಂಡರನಿಗೂ ಹೇಳಿದ. ಡಿಪೋದ ರಿಜಿಸ್ಟರುಗಳನ್ನೆಲ್ಲ ಹೊಲಿದು ರಟ್ಟು ಕಟ್ಟುವ ಅಂಗಡಿ ಆತನದು; ದಿನಾ ನಾಲ್ಕು ಗಂಟೆಗೆ ಇಬ್ಬರೂ ಅಲ್ಲಿ ಚಹಾ ಕುಡಿಯುತ್ತಿದ್ದರು. “ಮೂವತ್ತು ವರ್ಷದ ಸ್ನೇಹಕ್ಕೆ ಈಗ ರಸೀದಿ ಕೊಡ್ತಿದೀಯಾ?” ಎಂದು ಬೈಂಡರ್ ಬೈದ. ಹೀಗೆ ದಿನಕ್ಕೊಬ್ಬರ ನೆಮ್ಮದಿ ಕೆಡಿಸುತ್ತ ದೂರಣ್ಣ ಹನ್ನೊಂದು ದಿನ ದಾಟಿದ.

ಹನ್ನೆರಡನೇ ದಿನ, ಗುರುವಾರ ಬೆಳಿಗ್ಗೆ, ಕೆಲಸಕ್ಕೆ ಬರುವ ಬಸ್ಸಿನ ನೂಕುನುಗ್ಗಲಲ್ಲಿ ಅವನ ಕನ್ನಡಕ ಬಿದ್ದುಹೋಯಿತು. ಕನ್ನಡಕವಿಲ್ಲದೆ ಅವನಿಗೆ ತನ್ನ ಕೈಯೂ ಮಂಜು. “ಯಾರೂ ಕಾಲು ಎತ್ತಬೇಡಿ!” ಎಂದು ಗದರಿದವಳು ಕಂಡಕ್ಟರಮ್ಮ. ಸೀಟಿ ಊದಿ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿದಳು. ಮಂಡಿಯೂರಿ ಸೀಟುಗಳ ಕೆಳಗೆ ತೂರಿ ಕನ್ನಡಕ ಹುಡುಕಿದಳು. ಒಂದು ಕಡ್ಡಿಯ ಸ್ಕ್ರೂ ಹೋಗಿತ್ತು. ಚೀಲದಿಂದ ನೀಲಿ ದಾರ ತೆಗೆದು, ಕಡ್ಡಿಯನ್ನು ಬಿಗಿಯಾಗಿ ಕಟ್ಟಿ, ಗಾಜು ಒರೆಸಿ, ತಾನೇ ಅವನ ಕಿವಿಗೆ ಸಿಕ್ಕಿಸಿದಳು. “ಈಗ ಕಾಣ್ತೀನಾ ಅಣ್ಣಾ? ಚೆನ್ನಾಗಿದೀನಾ?” ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು.

ಇದು ಮುಟ್ಟಲೇಬೇಕಾದ ಧನ್ಯವಾದ. ಆ ಡಿಪೋದಲ್ಲಿ ಒಂದು ಕಾಗದ ತಪ್ಪದೆ ಸಿಬ್ಬಂದಿಯ ಕೈ ಸೇರುವ ದಾರಿ ಒಂದೇ, ಮತ್ತು ಅದು ಅವನ ಮೇಜಿನ ಮೇಲೆಯೇ ತೆರೆದುಕೊಂಡಿತ್ತು. ಕೂತು ದೂರಿನ ರಿಜಿಸ್ಟರಿನಲ್ಲಿ ಬರೆದ: ‘ಕ್ರಮಾಂಕ 212. ಬೆಳಿಗ್ಗೆ ಎಂಟೂಕಾಲರ ಬಸ್ಸಿನ ಕಂಡಕ್ಟರಮ್ಮನವರು ಬಸ್ ನಿಲ್ಲಿಸಿ, ಬಿದ್ದ ನನ್ನ ಕನ್ನಡಕ ಹುಡುಕಿ, ದಾರ ಕಟ್ಟಿ ಕೊಟ್ಟರು. ಅವರಿಗೆ ತುಂಬು ಧನ್ಯವಾದ.’ ಓದಿದವರಿಗೆ ಇದು ದೂರಲ್ಲವೆಂದು ತಿಳಿಯದೇ ಇರುತ್ತದೆಯೇ ಎಂದುಕೊಂಡ. ಓದುವವರು ಇದ್ದಾರೆ ಎಂದು ನಂಬಿದ್ದೇ ಅವನ ತಪ್ಪು. ಅಷ್ಟು ವರ್ಷದಲ್ಲಿ ಹಾಳೆಗಳು ಕಿಟಕಿಯಿಂದ ಹೋಗುವುದನ್ನು ಕಂಡಿದ್ದನೇ ಹೊರತು, ಹೋಗಿ ಏನಾಗುತ್ತವೆ ಎಂದು ಕಂಡಿರಲಿಲ್ಲ.

ಸೋಮವಾರ ಮಧ್ಯಾಹ್ನ ಕಂಡಕ್ಟರಮ್ಮ ಕಿಟಕಿಯ ಕಟ್ಟೆಗೆ ನೋಟಿಸನ್ನು ಬಡಿದಳು.

“ಅಣ್ಣಾ, ನಾನು ನಿಮಗೇನು ಅನ್ಯಾಯ ಮಾಡಿದ್ದೆ?”

“ಅನ್ಯಾಯನಾ? ಧನ್ಯವಾದ ಅಂತಲ್ಲವಾ ನಾನು ಬರೆದದ್ದು!”

“ಬೈದು ಬರೆದಿದ್ರೆ ವಾಸಿ ಇತ್ತು. ಅದಕ್ಕೆ ಏನು ಉತ್ತರ ಕೊಡಬೇಕು ಅಂತ ನಮಗೆ ಗೊತ್ತು. ಇದಕ್ಕೇನು ಬರೀಲಿ? ಇನ್ನು ಮುಂದೆ ಹೀಗೆ ಒಳ್ಳೇದು ಮಾಡಲ್ಲ, ಕ್ಷಮಿಸಿ ಅಂತಲಾ?”

ಅವನು ನಗಲು ನೋಡಿದ. ಆಕೆ ನಗಲಿಲ್ಲ. ಆ ವರ್ಷ ಆಕೆಯ ಮೇಲೆ ಆಗಲೇ ಎರಡು ಸಾಬೀತಾಗಿದ್ದವು. ಒಂದು, ಗಂಡಸೊಬ್ಬನನ್ನು ಹೆಂಗಸರ ಸೀಟಿನಿಂದ ಎಬ್ಬಿಸಿದ್ದು. ಇನ್ನೊಂದು, ಸ್ಟಾಪಿಲ್ಲದ ಕಡೆ ಬಸ್ ನಿಲ್ಲಿಸಲು ಒಪ್ಪದೇ ಇದ್ದದ್ದು. ಎರಡನ್ನೂ ಬರೆದುಕೊಂಡವನು ದೂರಣ್ಣನೇ. ಒಂದೂ ನೆನಪಿರಲಿಲ್ಲ. ಇದು ಮೂರನೆಯದು. ಇದೂ ಸಾಬೀತಾದರೆ ಇನ್ನೂರು ಕಿಲೋಮೀಟರ್ ಆಚೆಯ ಡಿಪೋ.

“ನನ್ನ ಮಗಳಿಗೆ ಕಿವಿ ಕೇಳಲ್ಲ ಅಣ್ಣಾ. ಅಂಥ ಮಕ್ಕಳ ಶಾಲೆ ಇರೋದು ಈ ಊರಲ್ಲೇ. ಈಗಿನ್ನೂ ಕೈಯಲ್ಲಿ ಮಾತಾಡೋದು ಕಲಿತಿದಾಳೆ. ಮೊನ್ನೆ ಮೊದಲ ಸಲ ನನ್ನ ಹತ್ರ ಜಗಳ ಆಡಿದಳು.” ನೋಟಿಸನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. “ಹೋಗಲಿ ಬಿಡಿ. ನೀವು ಒಳ್ಳೇ ಮನಸ್ಸಿಂದಲೇ ಬರೆದಿದೀರಿ.”

ಆ ಕೊನೆಯ ಮಾತು ಅವನನ್ನು ಊಟ ಮಾಡಲು ಬಿಡಲಿಲ್ಲ. ನಾಲ್ಕು ಗಂಟೆಗೆ ಬೈಂಡರನ ಅಂಗಡಿಗೆ ರಿಜಿಸ್ಟರನ್ನೇ ಹೊತ್ತು ಹೋದ.

“ಒಂದು ಹಾಳೆ ಗೊತ್ತಾಗದ ಹಾಗೆ ತೆಗೀಬಹುದೇನೋ?”

ಬೈಂಡರ್ ಬೆನ್ನಿನ ಹೊಲಿಗೆ ಸವರಿ ನೋಡಿದ. “ಮಡಿಕೆ ಹಾಳೆ ಕಣೋ ಇದು. ಒಂದು ತೆಗೆದರೆ ಜೊತೆಯದು ಆ ಕಡೆಯಿಂದ ಉದುರುತ್ತೆ. ಅದೂ ಅಲ್ಲದೆ ಪುಟದ ಮೇಲೆ ಅಚ್ಚಿನ ನಂಬರಿದೆ. ಇಷ್ಟು ಗಟ್ಟಿಯಾಗಿ ಹೊಲೀಬೇಡ ಅಂತ ಆಗಲೇ ಹೇಳಬಾರದಿತ್ತಾ?”

ಮರುದಿನ ಮ್ಯಾನೇಜರ ಕೋಣೆಗೆ ಹೋದ. ಮ್ಯಾನೇಜರ್ ಕೆಟ್ಟವರೇನಲ್ಲ, ಖಾನೆ ತುಂಬದಿದ್ದರೆ ನಿದ್ದೆ ಬರದ ಜಾತಿ. ಮೊದಲ ಬಾರಿಗೆ 212ನ್ನು ಪೂರ್ತಿ ಓದಿದರು. ಓದಿ ಇನ್ನಷ್ಟು ಗಂಭೀರರಾದರು.

“ಏನ್ರೀ, ಸ್ಟಾಪಿಲ್ಲದ ಕಡೆ ಬಸ್ ನಿಲ್ಲಿಸಿದಾರೆ ಅಂತ ನೀವೇ ಬರೆದಿದೀರಲ್ರೀ.”

“ಧನ್ಯವಾದಕ್ಕೆ ಬರೆದದ್ದು ಸರ್.”

“ಅದಕ್ಕೆ ಖಾನೆ ಎಲ್ಲಿದೆ ತೋರಿಸಿ.” ಅವರ ಬೆನ್ನ ಹಿಂದೆ ತರಬೇತಿಯಾತ ಅಂಟಿಸಿಹೋದ ಕಾಗದವಿತ್ತು: ‘ಇಂದು ನೀವು ಯಾರಿಗೆ ಧನ್ಯವಾದ ಹೇಳಿದಿರಿ?’ “ಕೊನೆಯ ಖಾನೆಗೆ ಇರೋದು ಎರಡೇ ಮಾತು. ನಡೆದದ್ದು ನಿಜ ಆದರೆ ಸಾಬೀತು. ಸುಳ್ಳಾದರೆ ಸಾಬೀತಾಗಿಲ್ಲ. ಶನಿವಾರ ವಿಚಾರಣೆ. ಇನ್ನೊಂದು ಮಾತು. ಸುಳ್ಳು ಅಂದ್ರೆ, ಸುಳ್ಳು ಬರೆದ ಗುಮಾಸ್ತ ನೀವಾಗ್ತೀರಿ. ಹಿರಿಯ ಗುಮಾಸ್ತರ ಬಡ್ತಿಯ ಪಟ್ಟಿಯಲ್ಲಿ ಈ ಸಲ ನಿಮ್ಮ ಹೆಸರು ಮೊದಲನೇದು. ಯೋಚನೆ ಮಾಡಿ.”

ನಾಲ್ಕು ದಿನ ಯೋಚನೆ ಮಾಡಿದ. ಅವನ ರಿಜಿಸ್ಟರಿನಲ್ಲಿ ಜನ ಹೇಳಿದ ಸುಳ್ಳು ಸಾವಿರವಿತ್ತು. ಅವನದೆಂದು ಒಂದೂ ಇರಲಿಲ್ಲ. ಶುಕ್ರವಾರ ಸಂಜೆ ಹೆಂಡತಿಗೆ ಎಲ್ಲ ಹೇಳಿದ. “ಹಿರಿಯ ಗುಮಾಸ್ತರಾದ್ರೆ ಕುರ್ಚಿ ಬದಲಾಗುತ್ತಾ?” ಎಂದು ಕೇಳಿದಳು. ಇಲ್ಲ, ಅದೇ ಕುರ್ಚಿ ಎಂದ. “ಹಾಗಾದ್ರೆ ಬಿಡಿ, ಬೆನ್ನುನೋವು ಹೇಗೂ ತಪ್ಪಲ್ಲ,” ಎಂದಳು.

ಶನಿವಾರ, ಅವನ ಇಪ್ಪತ್ತೊಂದನೇ ದಿನ. ಮನುಷ್ಯರೊಬ್ಬರು ಒಳ್ಳೆಯವರಲ್ಲ ಎಂದು ರುಜುವಾತು ಮಾಡಲು ಅಷ್ಟು ಶ್ರದ್ಧೆಯಿಂದ ಜನ ಸೇರಿದ್ದು ಆ ಡಿಪೋದಲ್ಲಿ ಅದೇ ಮೊದಲು. ಡ್ರೈವರ್ ಮೊದಲು ಹೇಳಿಕೆ ಕೊಟ್ಟ. “ಎಂಟು ವರ್ಷ ಇವರ ಜೊತೆ ಗಾಡಿ ಓಡಿಸಿದೀನಿ ಸರ್. ಒಂದು ಒಳ್ಳೇ ಕೆಲಸ ಮಾಡಿದ್ದನ್ನ ಕಣ್ಣಾರೆ ಕಂಡಿಲ್ಲ.” ಕಂಡಕ್ಟರಮ್ಮ ನೆಟ್ಟಗೆ ನಿಂತು, “ಯಾರದೋ ಕನ್ನಡಕ ಬಿದ್ರೆ ನಾನ್ಯಾಕೆ ಹುಡುಕಲಿ ಸರ್? ನನಗೇನು ಬೇರೆ ಕೆಲಸ ಇಲ್ವಾ?” ಎಂದಳು. ಹೇಳುವಾಗ ದೂರಣ್ಣನ ಕಡೆ ನೋಡಲಿಲ್ಲ.

ಅವನ ಸರದಿ ಬಂತು.

“ನನ್ನ ಕನ್ನಡಕ ಬೀಳಲೇ ಇಲ್ಲ ಸರ್. ಬಸ್ಸು ನಿಲ್ಲಲಿಲ್ಲ. ಈಕೆ ನನಗೆ ಯಾವ ಉಪಕಾರಾನೂ ಮಾಡಿಲ್ಲ. ನಾನು ಬರೆದದ್ದು ಸುಳ್ಳು.”

ಮ್ಯಾನೇಜರ್ ಪೆನ್ನೆತ್ತಿದವರು ಹಾಗೇ ನಿಂತರು. ಅವನ ಕಿವಿಯ ಪಕ್ಕ ನೀಲಿ ದಾರದ ಗಂಟು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಬಿಚ್ಚಿ ಬರಬೇಕೆಂದು ಆ ಬುದ್ಧಿವಂತನಿಗೆ ಹೊಳೆದಿರಲಿಲ್ಲ.

“ಆ ದಾರ ಏನ್ರೀ?”

“ಫ್ಯಾಷನ್ ಸರ್.”

ಡ್ರೈವರ್ ಚಾವಣಿ ನೋಡುತ್ತ ಕೆಮ್ಮಿದ. ಕೊನೆಗೆ ಮ್ಯಾನೇಜರ್ ‘ಸಾಬೀತಾಗಿಲ್ಲ’ ಎಂದು ಬರೆದು ಸಹಿ ಹಾಕಿದರು. ಇನ್ನೊಂದು ಹಾಳೆಯಲ್ಲಿ ದೂರಣ್ಣನಿಗೆ ಎಚ್ಚರಿಕೆ ಪತ್ರ ಬರೆದು ಅದಕ್ಕೂ ಹಾಕಿದರು. ಆ ವರ್ಷದ ಪಟ್ಟಿಯಿಂದ ಅವನ ಹೆಸರು ಹೋಯಿತು. ಮತ್ತೆ ಬರಲಿಲ್ಲ.

ಇಪ್ಪತ್ತೊಂದು ದಿನದಲ್ಲಿ ಮೈಗೂಡುತ್ತದೆ ಎಂದ ತರಬೇತಿಯಾತ ಸುಳ್ಳು ಹೇಳಿರಲಿಲ್ಲ. ಅಭ್ಯಾಸ ಉಳಿಯಿತು. ಬರೆಯುವುದನ್ನು ಮಾತ್ರ ದೂರಣ್ಣ ಬಿಟ್ಟ. ಕಿಟಕಿಗೆ ಉರಿಯುತ್ತ ಬಂದವರಿಗೆ ಮೊದಲು ಒಂದು ಲೋಟ ನೀರು ಕೊಡುತ್ತಿದ್ದ. ನೀರು ಕುಡಿಯುವವರೆಗೆ ಬೈಯಲಾಗುವುದಿಲ್ಲವಲ್ಲ. ಅಷ್ಟರಲ್ಲಿ, “ಬೆಳಿಗ್ಗೆಯಿಂದ ಕಾದು ಸುಸ್ತಾಗಿದೀರಿ ಅಲ್ವಾ?” ಎನ್ನುತ್ತಿದ್ದ. ಅರ್ಧಕ್ಕರ್ಧ ಜನ ಬರೆಸದೆ ಹೋಗುತ್ತಿದ್ದರು. ದೂರುಗಳು ಯಾಕೆ ಇಳಿದಿವೆ ಎಂದು ಮುಖ್ಯ ಕಚೇರಿ ಎರಡು ಸಲ ಕೇಳಿತು. ಬಹುಶಃ ನನ್ನ ಸೋಮಾರಿತನ ಎಂದು ಉತ್ತರ ಬರೆದ. ಯಾರಾದರೂ ಥ್ಯಾಂಕ್ಸ್ ಹೇಳಿದರೆ, “ನಾನಾ? ನಾನಲ್ಲ, ಬೇರೆ ಯಾರೋ ಇರಬೇಕು,” ಎಂದು ಬೆಚ್ಚಿಬೀಳುತ್ತಿದ್ದ. ಮನೆಯಲ್ಲಿ ಚಹಾ ಬಿಸಿ ಇಲ್ಲ ಎನ್ನುವುದನ್ನು ಮಾತ್ರ ಬಿಡಲಿಲ್ಲ. ಬಿಟ್ಟರೆ ಅವಳು ಹೆದರುತ್ತಾಳೆ ಎನ್ನುತ್ತಿದ್ದ. ಕನ್ನಡಕಕ್ಕೆ ಸ್ಕ್ರೂ ಹಾಕಿಸಲೂ ಇಲ್ಲ. ಕಂಡಕ್ಟರಮ್ಮ ವರ್ಷಕ್ಕೊಮ್ಮೆ ಹೊಸ ನೀಲಿ ದಾರ ಕಟ್ಟಿಕೊಡುತ್ತಿದ್ದಳು, ಇಬ್ಬರೂ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಆಕೆಯ ಮಗಳು ಅದೇ ಶಾಲೆಯಲ್ಲಿ ಓದು ಮುಗಿಸಿದಳು.

ಹೀಗೆ ಆರು ವರ್ಷ. ಒಂದು ಮಂಗಳವಾರ ಮಧ್ಯಾಹ್ನ, ಊಟದ ಡಬ್ಬಿಯ ಮುಚ್ಚಳ ಅರ್ಧ ತೆಗೆದವನು ಹಾಗೇ ಮೇಜಿಗೆ ಒರಗಿದ, ಮತ್ತೆ ಏಳಲಿಲ್ಲ. ಎದುರು ನಿಂತಿದ್ದ ಪ್ರಯಾಣಿಕನ ಕೈಯಲ್ಲಿ ನೀರಿನ ಲೋಟ ಇನ್ನೂ ಅರ್ಧವಿತ್ತಂತೆ.

ಶುಕ್ರವಾರ ಕಂಡಕ್ಟರಮ್ಮ ಏಳನೇ ಕಿಟಕಿಗೆ ಬಂದಳು. ಅಲ್ಲಿ ಕೂತಿದ್ದ ಹೊಸಬನಿಂದ ರಿಜಿಸ್ಟರ್ ತನ್ನ ಕಡೆ ಎಳೆದುಕೊಂಡು ತಾನೇ ಬರೆದಳು: ‘ಈ ಕಿಟಕಿಯ ಗುಮಾಸ್ತರು ಮೂರು ದಿನದಿಂದ ಸ್ಥಳದಲ್ಲಿಲ್ಲ. ಇದರಿಂದ ನಮಗೆ ಬಹಳ ತೊಂದರೆಯಾಗಿದೆ.’ ಹಿಂದೆಯೇ ಡ್ರೈವರ್ ನಿಂತಿದ್ದ. ಅವನ ಹಿಂದೆ ಮೇಸ್ತ್ರಿ, ಪಾಸಿನ ಕಿಟಕಿಯವರು, ಗಾಳಿ ತುಂಬುವವನು. ಧನ್ಯವಾದ ಎಂದು ಒಬ್ಬರೂ ಬರೆಯಲಿಲ್ಲ. ಆ ತಪ್ಪು ಒಂದು ಸಲ ಆದದ್ದು ಸಾಕಾಗಿತ್ತು. ಹೊಸ ಗುಮಾಸ್ತ ನಿಯಮದಂತೆ ಕ್ರಮಾಂಕ ಹಾಕುತ್ತ ಹೋದ. ಸಂಜೆಗೆ ಹದಿನೇಳಾಯಿತು.

ಸೋಮವಾರ ಕಚೇರಿಯವರು, ಎಂದಿನಂತೆ ಓದದೆ, ಹದಿನೇಳು ನೋಟಿಸುಗಳನ್ನು ದೂರಣ್ಣನ ಮನೆಯ ವಿಳಾಸಕ್ಕೆ ಕಳಿಸಿದರು.

ಬೈಂಡರ್ ಆ ಮನೆಗೆ ಹೋದಾಗ ದೂರಣ್ಣನ ಹೆಂಡತಿ ಅವನ್ನು ಮಡಿಲಲ್ಲಿ ಹರಡಿಕೊಂಡು ಕೂತಿದ್ದಳು. “ನೋಡಿ ಅಣ್ಣಾ, ಏಳು ದಿನದಲ್ಲಿ ಉತ್ತರ ಕೊಡಬೇಕಂತೆ ಇವರು.” ನಗುತ್ತಲೇ ಹೇಳಲು ಶುರು ಮಾಡಿದವಳು ಪೂರ್ತಿ ಮಾಡಲಿಲ್ಲ.

ಏಳು ದಿನ ಕಳೆಯಿತು. ಉತ್ತರ ಹೋಗಲಿಲ್ಲ. ತುಂಬಿದ ರಿಜಿಸ್ಟರಿಗೆ ರಟ್ಟು ಕಟ್ಟಲು ಬೈಂಡರನಿಗೆ ಕೊಟ್ಟರು. ಕೊನೆಯ ಪುಟಗಳನ್ನು ನೋಡಿಕೊಂಡು ಆತ ಅಲ್ಲಿಂದ ನೇರ ಗೆಳೆಯನ ಮನೆಗೆ ಬಂದ. ಈ ಸಲ ಮ್ಯಾನೇಜರ್ ಒಂದೊಂದನ್ನೂ ಓದಿದ್ದರು. ಓದಿದ ಗುರುತಿಗೆ ಪ್ರತಿ ಸಾಲಿನ ಕೆಳಗೆ ಪೆನ್ಸಿಲಿನ ಗೆರೆಯಿತ್ತು.

“ಏನು ಬರೆದಿದಾರೆ?” ಎಂದಳು ದೂರಣ್ಣನ ಹೆಂಡತಿ.

“ಸಾಬೀತಾಗಿದೆ ಅಂತ.”

“ಎಷ್ಟು?”

“ಹದಿನೇಳೂ.”

ಕಿಟಕಿಯ ಅಂಚಿನಲ್ಲಿ ದಾರ ಕಟ್ಟಿದ ಕನ್ನಡಕ ಮಡಚಿಟ್ಟಿತ್ತು. ಅವಳು ಅದನ್ನು ತೆಗೆದುಕೊಂಡು ಗಾಜು ಒರೆಸಿದಳು.

“ಮೂರಾದ್ರೆ ವರ್ಗ ಅಲ್ವಾ ಅಣ್ಣಾ?”

“ಹೂಂ.”

“ಅದು ಆಗಿ ಹೋಯ್ತಲ್ಲ,” ಎಂದಳು. ಎದ್ದು ಹೋಗಿ ಬೈಂಡರನಿಗೆ ಚಹಾ ತಂದಳು. ಚಹಾ ಬಿಸಿ ಇರಲಿಲ್ಲ. ಆತ ಏನೂ ಹೇಳದೆ ಕುಡಿದ. ಹೇಳಬೇಕಾಗಿದ್ದವನು ಇರಲಿಲ್ಲ.