ಗಂಟು ಕಟ್ಟಿಟ್ಟ ಮೂರು ಹಲ್ಲು

ಮೊನ್ನೆ ಕೇರಳದ ಗಡಿಯ ಬಾವಲಿ ಊರಿನ ಬುಡಕಟ್ಟು ಹಾಡಿಯಲ್ಲಿ ನನ್ನನ್ನು ಕಂಡದ್ದೇ ಬೊಮ್ಮಜ್ಜಿ ಒಳಗಿನಿಂದ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿ, ಮೂರು ಹಲ್ಲುಗಳನ್ನು ನನ್ನ ಅಂಗೈಗೆ ಹಾಕಿದರು.

ಎರಡು ವರ್ಷದ ಹಿಂದೆ ವಸಡಿನ ರೋಗದ ಸಂಶೋಧನೆಗೆಂದು ಅವರ ಜೊಲ್ಲು, ಕೀವು ತೆಗೆದುಕೊಂಡು ಹೋದ ದಂತವೈದ್ಯೆ ನಾನೇ. "ಇನ್ನೊಮ್ಮೆ ಬರುತ್ತೇನೆ, ಅಲ್ಲಿಯವರೆಗೆ ಯಾವ ಮದ್ದೂ ಮಾಡಬೇಡಿ" ಎಂದಿದ್ದೆ. ಯೋಜನೆ ನಿಂತಿತು. ಮೊನ್ನೆಯವರೆಗೂ ನಾನು ಮತ್ತೆ ಹೋಗಲಿಲ್ಲ, ಹೇಳಿಯೂ ಕಳಿಸಲಿಲ್ಲ.

"ಮದ್ದು-ಮರುನ್ನು ಬೇಡ ಅಂದ್ರಲ್ಲ ಡಾಕ್ಟ್ರೇ, ಪೇರಲೆ ಸೊಪ್ಪಿನ ಕಷಾಯನೂ ಬಾಯಿಗೆ ಹಾಕಿಲ್ಲ. ಬಿದ್ದದ್ದು ನಿಮಗೆ ಬೇಕಾಗ್ತದೆ ಅಂತ ಎತ್ತಿಟ್ಟೆ" ಎಂದರು. ಆ ದನಿಯಲ್ಲಿ ಕೊಂಕಿರಲಿಲ್ಲ.

ಮೊದಲ ಸಲದ ಮಾದರಿಗಳಿಂದಲೇ ನನ್ನ ಪ್ರಬಂಧ ಅಚ್ಚಾಗಿತ್ತು. ಈ ಹಾಡಿಯವರ ಬಗ್ಗೆ ಅದರಲ್ಲಿ ನಾನು ಬರೆದದ್ದು ಒಂದೇ ಸಾಲು: "ಮರುಪರೀಕ್ಷೆಗೆ ಇವರು ಸಿಗಲಿಲ್ಲ."