ಎದುರು ಮನೆಗೆ ಕಟ್ಟಿದ ಬುತ್ತಿ

ಹುಬ್ಬಳ್ಳಿಗೆ ಯಾಕೆ ಬಂದಿರಿ ಎಂದು ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಮಕ್ಕಳ ಸಾಲಿ ಸಲುವಾಗಿ. ಎದುರು ಮನೆಯವರು ಹಾನಗಲ್ ತಾಲೂಕಿನ ತಿಳವಳ್ಳಿಯವರು, ಮೂಲೆಮನೆಯವರು ಹಿರೇಕೆರೂರು ಕಡೆಯ ಹಂಸಭಾವಿಯವರು, ಕಿರಾಣಿ ಅಂಗಡಿಯವರು ಶಿಗ್ಗಾವಿಯವರು. ನಾವು ಸವಣೂರು ತಾಲೂಕಿನವರು. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ನಾನು ಕಲಿತದ್ದೇನೆಂದರೆ, ಎಲ್ಲರೂ ಒಂದೇ ಕಾರಣ ಕೊಟ್ಟರೆ ಆ ಕಾರಣವನ್ನು ನಂಬಬಾರದು. ಶಿಗ್ಗಾವಿಯಲ್ಲಿ ಶಾಲೆಗಳಿಲ್ಲವೇ? ಅದೂ ಅಲ್ಲದೆ, ಕಿರಾಣಿ ಅಂಗಡಿಯವರಿಗೆ ಮಕ್ಕಳೇ ಇಲ್ಲ.

ನಮ್ಮ ಮನೆಯ ನಿಜವಾದ ಕಾರಣ ಅವ್ವನ ರೊಟ್ಟಿ. ಊರಲ್ಲಿ ನಮ್ಮ ಮನೆ ಹೊರಗಿನ ಕೇರಿಯಲ್ಲಿತ್ತು. ಅವ್ವ ಬಡಿದ ರೊಟ್ಟಿ ಆ ಕೇರಿ ದಾಟುತ್ತಿರಲಿಲ್ಲ. ಯಾರೂ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ತಿನ್ನುತ್ತಿರಲಿಲ್ಲ, ಅಷ್ಟೇ. ಅಪ್ಪ ಮನೆ ಕಟ್ಟುವ ಗೌಂಡಿ ಕೆಲಸ ಹುಡುಕಿಕೊಂಡು ಹುಬ್ಬಳ್ಳಿಗೆ ಬಂದ, ಅವನ ಹಿಂದೆ ನಾವು ಬಂದೆವು. ಇಲ್ಲಿ ಅವ್ವ ಕಡಕ್ ರೊಟ್ಟಿ ಬಡಿದು ಮಾರತೊಡಗಿದಳು. ಪ್ಲಾಸ್ಟಿಕ್ ಚೀಲದೊಳಗಿನ ರೊಟ್ಟಿಯನ್ನು ಯಾರ ಕೈಯದು ಎಂದು ಯಾರೂ ಕೇಳುವುದಿಲ್ಲ. ತೆಳ್ಳಗಿದೆಯೇ ಎಂದಷ್ಟೇ ಕೇಳುತ್ತಾರೆ.

ಅಷ್ಟಕ್ಕೆ ಅವ್ವ ಸುಮ್ಮನಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ. ನಮ್ಮ ಕಡೆ ಸಾವಾದ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ. ನೆರೆಯವರು ಬುತ್ತಿ ಒಯ್ಯುತ್ತಾರೆ. ನಾಲ್ಕು ತಾಲೂಕಿನವರು ಬಂದು ಸೇರಿದ ಹೊಸ ಬಡಾವಣೆಯಲ್ಲಿ ನೆರೆಯವರು ಯಾರೆಂಬುದೇ ತೀರ್ಮಾನವಾಗಿರಲಿಲ್ಲ. ಮೂಲೆಮನೆಯ ಯಜಮಾನ ತೀರಿಕೊಂಡಾಗ ಇವರು ಒಯ್ಯುತ್ತಾರೆಂದು ಅವರು, ಅವರು ಒಯ್ಯುತ್ತಾರೆಂದು ಇವರು ಕುಳಿತರು. ಹೆಣದ ಮುಂದೆ ಕೂತವರು ಸಂಜೆಗೆ ಬೇಕರಿಯಿಂದ ಬ್ರೆಡ್ ತರಿಸಿಕೊಂಡರಂತೆ. ಅದನ್ನು ಕೇಳಿದ ಮೇಲೆ ಓಣಿಯಲ್ಲಿ ಎಲ್ಲೇ ಸಾವಾದರೂ ಮೊದಲ ಬುತ್ತಿ ಅವ್ವನದಾಯಿತು.

"ಯಾರಿಗೂ ಗುರುತು ಸಿಗಬಾರ್ದಂತ ಊರು ಬಿಟ್ಟು ಬಂದೀವಿ. ಈಗ ನೀನಾಗೇ ಮನಿ ಮನಿಗೆ ಹೋಗಿ ಗುರುತು ಹೇಳಾಕತ್ತೀದಿ. ಎರಡರಾಗ ಒಂದು ಸುಳ್ಳು," ಎಂದು ನಾನು ವಾದಿಸಿದೆ.

"ಗುರುತು ಸಿಗಬಾರ್ದಂತ ಬಂದಿಲ್ಲ ನಾ," ಎಂದಳು ಅವ್ವ, ಕೈ ನಿಲ್ಲಿಸದೆ. "ಬ್ಯಾರೆ ಗುರುತು ಸಿಗಲಿ ಅಂತ ಬಂದೇನಿ. ಹಿಟ್ಟಿನ ಡಬ್ಬಿ ಇತ್ತ ಸರಿಸು, ಲಾಯರಮ್ಮ."

ಹೋದ ವರ್ಷ ಅಪ್ಪ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಮಧ್ಯಾಹ್ನ ಎದುರು ಮನೆಯಾಕೆ ಅನ್ನ ಸಾರು ತಂದಳು, ಅವ್ವನ ಪಕ್ಕ ಕುಳಿತು ಅತ್ತಳು. ಆಮೇಲೆ ಊರಿಂದ ಕ್ರೂಸರ್ ಗಾಡಿ ತುಂಬ ಬಂಧುಗಳು ಬಂದರು. ನಾವು ಬೌದ್ಧರು; ಅವರು ನೀಲಿ ಧ್ವಜ ಹಿಡಿದು ಬಾಗಿಲ ಮುಂದೆಯೇ ನಿಂತು ಬುದ್ಧವಂದನೆ ಹೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಎದುರು ಮನೆಯಾಕೆ ತನ್ನ ಕಟ್ಟೆಯ ಮೇಲೆ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು. ಸಂಜೆ ಯಾರೂ ಬುತ್ತಿ ತರಲಿಲ್ಲ. ಬಂಧುಗಳು ತಂದದ್ದನ್ನೇ ಬಿಚ್ಚಿದೆವು. ನಾನು ಉಂಡೆ. ಏನು ಉಂಡೆನೆಂದು ನೆನಪಿಲ್ಲ.

ಆಮೇಲಿನ ತಿಂಗಳುಗಳು ಹಾಗೇ ಇದ್ದವು. ಬೆಳಿಗ್ಗೆ ಏಳುತ್ತಿದ್ದೆ, ಕಾಲೇಜಿಗೆ ಹೋಗುತ್ತಿದ್ದೆ, ವಿಷಯ ಕೊಟ್ಟರೆ ಪರವೂ ಮಾತಾಡುತ್ತಿದ್ದೆ, ವಿರೋಧವೂ ಮಾತಾಡುತ್ತಿದ್ದೆ. ಓಣಿಯಲ್ಲಿ ಅವ್ವನ ರೊಟ್ಟಿಯ ಗಿರಾಕಿಗಳು ಕಡಿಮೆಯಾದರು. ಕಿರಾಣಿ ಅಂಗಡಿಯಾಕೆ ಹೇಳಿದಳು: "ಡಾಕ್ಟರು ಜ್ವಾಳ ಬ್ಯಾಡ ಅಂದಾರ್ರೀ." ಜೋಳ ಬೇಡವೆನ್ನುವ ಡಾಕ್ಟರು ಧಾರವಾಡ ಸೀಮೆಯಲ್ಲಿ ಎಲ್ಲಿ ಸಿಕ್ಕರೋ. ಬೇರೆ ದಿನಗಳಾಗಿದ್ದರೆ ಕೇಳುತ್ತಿದ್ದೆ. ಸುಮ್ಮನೆ ಚೀಲ ವಾಪಸು ತಂದೆ. ಎದುರು ಮನೆಯಾಕೆ ಕಾರಣ ಹೇಳಲಿಲ್ಲ, ರೊಟ್ಟಿಯನ್ನೂ ಕೇಳಲಿಲ್ಲ.

ಚಳಿಗಾಲದಲ್ಲಿ ಆಕೆಯ ಅತ್ತೆ ತೀರಿಕೊಂಡರು. ಸುದ್ದಿ ತಿಳಿದದ್ದೇ ಅವ್ವ ಒಲೆ ಹೊತ್ತಿಸಿ ಹಿಟ್ಟು ನಾದುವ ಕೊಣಮಿಗೆ ಎಳೆದುಕೊಂಡಳು.

"ಈ ಸಲ ಅವರಿಗೆ ಗೊತ್ತೈತಿ," ಎಂದೆ.

"ಅದಕ್ಕ ಒಯ್ಯಾಕತ್ತೇನಿ."

"ತಿನ್ನದಿದ್ರ?"

ಅವ್ವ ಬಡಿಯುತ್ತಿದ್ದ ರೊಟ್ಟಿಯನ್ನು ತಿರುಗಿಸಿದಳು. "ತಿನ್ನದಿದ್ರ ಊರಿಗೆ ಹೋಗಿಬಿಡೂಣು. ಅಲ್ಲೇನು ತಿನ್ನೂದಿಲ್ಲ ಅಂತ ಮೊದಲ ಗೊತ್ತೈತಿ. ಆಸೆ ಆದ್ರೂ ಇರೂದಿಲ್ಲ."

ವಿರೋಧಿಸಲು ನನ್ನ ಬಳಿ ಅಂಶಗಳಿದ್ದವು. ನನ್ನ ಕಾಲೇಜಿದೆ, ಊರಲ್ಲಿ ಮನೆಯ ಮಾಳಿಗೆ ಕುಸಿದಿದೆ, ಅಪ್ಪನನ್ನು ಮಣ್ಣು ಮಾಡಿದ್ದು ಇಲ್ಲೇ. ಹಿಟ್ಟಿನ ಡಬ್ಬಿಯನ್ನು ಅವ್ವನತ್ತ ಸರಿಸಿದೆ.

ಅವ್ವ ರೊಟ್ಟಿಗಳನ್ನು ಅಪ್ಪನ ಹಳೆಯ ಪಂಜೆಯ ತುಂಡಿನಲ್ಲಿ ಕಟ್ಟಿದಳು. ಅದರ ಅಂಚು ನೀಲಿ. ಬೇಕೆಂದೇ ಅದನ್ನು ಆರಿಸಿದಳೋ, ಕೈಗೆ ಸಿಕ್ಕಿತೋ, ನಾನು ಕೇಳಲಿಲ್ಲ. ಎದುರು ಮನೆಯಾಕೆ ಎರಡೂ ಕೈಯಲ್ಲಿ ಗಂಟು ತೆಗೆದುಕೊಂಡಳು. ಒಳಗೆ ಉಳಿದ ಬುತ್ತಿಗಳ ಪಕ್ಕ, ತುಸು ಬಿಟ್ಟು, ಇಟ್ಟಳು. ಆ 'ತುಸು'ವನ್ನು ನಾನು ಅಳೆದೆ. ಅಳೆಯುವುದು ನನ್ನ ಚಟ. ನಾವು ಹೆಣದ ಮುಂದೆ ಕುಳಿತೆವು. ಮಣ್ಣು ಮುಗಿಸಿ ಬಂದ ಗಂಡಸರಿಗೆ ಒಳಗೆ ಉಣ್ಣಲು ಬಡಿಸಿದರು, ಗಂಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ನಮ್ಮದು ಹಾಗೇ ಇತ್ತು. ಅವ್ವ ಅತ್ತ ನೋಡಲಿಲ್ಲ. ನೋಡಿದ್ದು ನಾನು.

ಮರುದಿನ ಅವ್ವ ಟ್ರಂಕಿನಿಂದ ಹಾಸಿಗೆ ವಸ್ತ್ರಗಳನ್ನೆಲ್ಲ ಹೊರಗೆ ತೆಗೆದಳು. ಬಿಸಿಲಿಗೆ ಹಾಕಲೆಂದು ಹೇಳಿದಳು. ಬಿಸಿಲಿಗೆ ಹಾಕಲಿಲ್ಲ, ಮಡಚಿ ಗಂಟು ಕಟ್ಟತೊಡಗಿದಳು. ನಾನು ಒಂದು ತುದಿ ಹಿಡಿದೆ.

ಸಂಜೆ ಎದುರು ಮನೆಯಾಕೆ ಬಂದಳು. ಕೈಯಲ್ಲಿ ಒಗೆದು ಮಡಚಿದ ಪಂಜೆಯ ತುಂಡು.

"ಅಕ್ಕಾರ, ರೊಟ್ಟಿ ಅದಾವೇನ್ರಿ? ತಿಳವಳ್ಳಿಯಿಂದ ಬಂದ ನಮ್ಮವರು ನಸುಕಿನ ಬಸ್ಸಿಗೆ ಹೊಂಟಾರ. ಬುತ್ತಿ ಕಟ್ಟಬೇಕು."

"ನಿನ್ನೆ ಒಯ್ದಿದ್ದು?" ಎಂದು ಅವ್ವ ಕೂತಲ್ಲಿಂದಲೇ ಕೇಳಿದಳು.

"ಮುಗದ್ವಲ್ರಿ. ಮುಂಜಾನೆ ಚಹಾದಾಗ ಮುರ್ಕೊಂಡು ಎಲ್ಲಾರೂ ತಿಂದ್ರು. ನಮ್ಮ ಮೈದುನ ಅಂತೂ ಇಷ್ಟು ತೆಳ್ಳಗ ಯಾರು ಬಡದಾರ ಅಂದ."

ಅವ್ವ ಎದ್ದು ನಿಂತಳು. "ಏನಂತ ಹೇಳಿದ್ರಿ?"

ಆಕೆ ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಸರಿಮಾಡಿದಳು. "ಎದುರ ಮನಿ ಅಕ್ಕಾರದು ಅಂತ ಹೇಳೇನ್ರಿ."

ಚರ್ಚೆಯ ವೇದಿಕೆಯಾಗಿದ್ದರೆ ನಾನು ತಕ್ಷಣ ಎದ್ದು ನಿಂತು, ಕೇಳಿದ್ದಕ್ಕೆ ಇದು ಉತ್ತರವಲ್ಲ ಎನ್ನುತ್ತಿದ್ದೆ. ಅಷ್ಟು ಹೇಳಿದವಳು ಉಳಿದದ್ದನ್ನು ಹೇಳಿದಳೇ? ಹೇಳಿದ್ದರೆ ಮೈದುನ ಚಹಾದ ಬಟ್ಟಲು ಕೆಳಗಿಡುತ್ತಿದ್ದನೇ? ಅವ್ವನೂ ಇದನ್ನೇ ಕೇಳುತ್ತಾಳೆಂದು ಕಾದೆ.

"ಎಷ್ಟು ಮಂದಿ ಹೊಂಟಾರ್ರೀ?" ಎಂದಳು ಅವ್ವ. ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಹಿಟ್ಟಿಗೆ ನೀರು ಕಾಯಲು ಇಟ್ಟಳು.

ನಾನು ಹಾಸಿಗೆ ವಸ್ತ್ರದ ಗಂಟು ಬಿಚ್ಚಿ ಮತ್ತೆ ಟ್ರಂಕಿಗೆ ತುಂಬಿದೆ.