ಉಳ್ಳಾಲದ ಕಡಲಿಗೆ ಅಪ್ಪನನ್ನು ಬಿಟ್ಟು ಬಂದದ್ದು

ಅಪ್ಪ ಇದ್ದ ಕೊನೆಯ ದಿನ ನಾನು ಉಳ್ಳಾಲದ ಕಡಲ ಬದಿಯ ರಸ್ತೆಯಲ್ಲಿ ಪರೀಕ್ಷೆಯ ಫೋನ್ ಹಿಡಿದು ನಡೆಯುತ್ತಿದ್ದೆ. ಮೊಬೈಲ್ ಕಂಪನಿಗಾಗಿ ಸಿಗ್ನಲ್ ಅಳೆಯುವುದೇ ನನ್ನ ಕೆಲಸ. ಹೊಸ ನೆಟ್‌ವರ್ಕಿನ ಪ್ರಯೋಗಕ್ಕೆಂದು ಅಲ್ಲಿ ಕಂಬ ಕಂಬಕ್ಕೂ ಸಿಗ್ನಲ್ ಕೊಡುವ ಸಣ್ಣ ಪೆಟ್ಟಿಗೆ ಕೂರಿಸಿದ್ದರು. ಅವು ಬಳಸುವ ಮಿಲಿಮೀಟರ್ ರೇಡಿಯೊ ಅಲೆಗಳಲ್ಲಿ ಇಂಟರ್ನೆಟ್ ವೇಗ ಜಾಸ್ತಿ, ಆದರೆ ದೂರ ಹೋಗಲಾರವು. ಹಾಗಾಗಿ ಪೆಟ್ಟಿಗೆಗಳು ಒತ್ತೊತ್ತಾಗಿ ಬೇಕು. ಖಾಲಿ ರಸ್ತೆಯಲ್ಲಿ ಕಂಬಗಳತ್ತ ಮುಖ ಮಾಡಿ ನಡೆದೆ. ಫಲಿತಾಂಶ ಚೆನ್ನಾಗಿ ಬಂತು. ಮರಳುವಾಗ ಬೂತಾಯಿ ಮೀನು ಕೊಂಡೆ. ಜೆಪ್ಪುವಿನ ಮನೆಯಲ್ಲಿ ಅಪ್ಪ ಉಂಡು, ಸಾರಿಗೆ ಉಪ್ಪು ಹೆಚ್ಚೆಂದು ಅಮ್ಮನಿಗೆ ಹೇಳಿ ಮಲಗಿದರು. ಬೆಳಿಗ್ಗೆ ಏಳಲಿಲ್ಲ.

ಶಾರ್ಜಾದಲ್ಲಿರುವ ಅಣ್ಣನಿಗೆ ರಜೆ ಸಿಗಲಿಲ್ಲ. ಅಸ್ಥಿ ಬಿಡುವುದನ್ನಾದರೂ ನೋಡಬೇಕೆಂದು ಫೋನಿನಲ್ಲಿ ಅತ್ತ. ಉಳ್ಳಾಲದಲ್ಲಿ ನಮ್ಮ ನೆಟ್‌ವರ್ಕ್ ಇದೆ, ವಿಡಿಯೊ ಕಾಲ್‌ನಲ್ಲಿ ಎದುರಿಗೇ ಆದಂತೆ ಕಾಣುತ್ತದೆ ಎಂದು ನಾನು ಮಾತು ಕೊಟ್ಟೆ.

ಅಸ್ಥಿ ಬಿಡುವ ದಿನ ಬೆಳಿಗ್ಗೆ ಬಾಡಿಗೆಯ ಓಮ್ನಿ ವ್ಯಾನಿನಲ್ಲಿ ಹೊರಟೆವು. ಹೋಗಿ ಬರಲು ಎಂಟುನೂರು ರೂಪಾಯಿ. ಸೋದರಮಾವ ಅಸ್ಥಿಯ ಮಡಕೆ ಹಿಡಿದಿದ್ದ ನನ್ನನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, "ಭಾವನಿಗೆ ಯಾವಾಗಲೂ ಕಿಟಕಿ ಬದಿಯೇ ಬೇಕು," ಎಂದರು. ಯಾರೋ ನಕ್ಕರು. ನೇತ್ರಾವತಿ ಸೇತುವೆಯ ಮೇಲೆ ಬಿಸಿಗಾಳಿ. ತೊಕ್ಕೊಟ್ಟಿನಲ್ಲಿ ವಾಹನಗಳ ಸಾಲು.

ಕಡಲ ಬದಿಯಲ್ಲಿ ಇಳಿದಾಗ ಚಿಕ್ಕಪ್ಪನ ಮಗ ಯತೀಶ, "ನನ್ನ ಮೊಬೈಲಲ್ಲೇ ಕಾಲ್ ಮಾಡುವ ಮಾರಾಯ, ಅದು ಸಾಕು," ಎಂದ. ಅದರ ಹಳೆಯ ನೆಟ್‌ವರ್ಕಿನಲ್ಲಿ ಚಿತ್ರ ಮಸುಕಾಗಿ ಬರುತ್ತದೆಂದು ಹೇಳಿ ಪರೀಕ್ಷೆಯ ಫೋನನ್ನೇ ಅವನ ಕೈಗೆ ಕೊಟ್ಟೆ. ಶಾರ್ಜಾದಲ್ಲಿ ಅಣ್ಣ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಕಾದಿದ್ದ. ಮೂಗಿನ ಮೇಲಿನ ಬೆವರೂ ಕಾಣುವಷ್ಟು ಚಿತ್ರ ಸ್ಪಷ್ಟವಾಗಿತ್ತು. ನೆಂಟರೆಲ್ಲ ಬಗ್ಗಿ ನೋಡಿ ಹೊಗಳಿದರು. ನಾನು ಹಿಗ್ಗಿದೆ.

ಭಟ್ಟರು ಹೇಳಿದಂತೆ ಕಡಲಿಗೆ ಮುಖ ಮಾಡಿ ಸೊಂಟದವರೆಗಿನ ನೀರಿಗೆ ಇಳಿದೆ. ಯತೀಶ ನನ್ನ ಹಿಂದೆಯೇ ಫೋನ್ ಎದೆಯ ಮುಂದೆ ಹಿಡಿದು ಬಂದ. ಅವನ ಬೆನ್ನಿಗೆ ನೆಂಟರು ಒತ್ತಾಗಿ ನಿಂತರು. ಕಂಬಗಳು ಅವರೆಲ್ಲರ ಹಿಂದೆ ಇದ್ದವು. ಪೆಟ್ಟಿಗೆಗಳ ಆ ರೇಡಿಯೊ ಅಲೆಗಳು ಮನುಷ್ಯನ ಮೈ ದಾಟುವುದಿಲ್ಲ. ತರಬೇತಿಯಲ್ಲಿ ಮೊದಲು ಹೇಳಿಕೊಟ್ಟದ್ದೇ ಅದು. ಚಿತ್ರ ನಿಂತಿತು. ಅಣ್ಣನ ಸ್ವರ ಮಾತ್ರ ತುಂಡುತುಂಡಾಗಿ ಬಂತು.

"ತಮ್ಮಾ, ಎಂತದೂ ಕಾಣುದಿಲ್ಲ. ಸ್ವಲ್ಪ ನಿಲ್ಲು."

ಪಕ್ಕಕ್ಕೆ ಸರಿಯಿರಿ ಎಂದು ನೆಂಟರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಈಗಷ್ಟೇ ಹೊಗಳಿದವರ ಎದುರು ನಾಲಿಗೆ ಏಳಲಿಲ್ಲ. ಭಟ್ಟರು, "ಬಿಡಿ, ಅಲೆ ಬಂತು," ಎಂದರು. ಬಿಟ್ಟೆ.

ನೆಂಟರು ಮುಳುಗು ಹಾಕಲು ಚದುರಿ, ಯತೀಶ ಪಕ್ಕಕ್ಕೆ ತಿರುಗಿದೊಡನೆ ಚಿತ್ರ ಮತ್ತೆ ತಿಳಿಯಾಗಿ ಬಂತು. ಅಣ್ಣ ತನ್ನ ಫೋನಿನಲ್ಲಿ ಬರೀ ನೀರನ್ನು ನೋಡುತ್ತಿದ್ದ.

"ಆಯ್ತಾ?" ಎಂದು ಕೇಳಿದ.

ಆಯಿತು ಎಂದೆ. ಅವನು ಬೈಯಲಿಲ್ಲ. ಅಮ್ಮನನ್ನು ನೋಡಿಕೋ ಎಂದು ಹೇಳಿ ಫೋನ್ ಇಟ್ಟ.

ಮರಳುವ ದಾರಿಯಲ್ಲಿ ತೊಕ್ಕೊಟ್ಟಿನಲ್ಲಿ ಚಹಾ ಕುಡಿದೆವು. ನೆಟ್‌ವರ್ಕ್ ಎಂದರೆ ಹಾಗೆಯೇ ಎಂದು ಮಾವ ಸಮಾಧಾನ ಹೇಳಿದರು. ನೆಟ್‌ವರ್ಕಿನ ತಪ್ಪಲ್ಲ, ನನ್ನದು ಎಂದು ನಾನು ತಿದ್ದಲಿಲ್ಲ. ಯತೀಶ ನನ್ನ ಮುಖ ನೋಡದೆ ಲೋಟ ತೊಳೆದಿಟ್ಟ.

ಬೇರೆ ಯಾರೂ ಚಿತ್ರ ತೆಗೆದಿರಲಿಲ್ಲ. ಅಪ್ಪ ನೀರು ಸೇರಿದ್ದನ್ನು ಅಣ್ಣ ನೋಡಿಲ್ಲ.